ಕಲ್ಲಚ್ಚು ಕಡತ: ಎಣ್ಣೆ ಕುಡಿದ ಶಹಾಬಾದ್ ಕಲ್ಲು

ಕೊನೆಗೂ ಒಂದು ಹಾಳೆ ಬಿಳಿಯಾಗಿ ಬಂದಿದೆ. ಅಕ್ಷರವಿರುವ ಕಡೆ ಕಪ್ಪು, ಇಲ್ಲದ ಕಡೆ ಬಿಳಿ. ಹೊರಗಿನವರಿಗೆ ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣದು. ಕಲ್ಲಚ್ಚಿನ (ಸುಣ್ಣದ ಕಲ್ಲಿನ ಮೇಲೆ ಕೊಬ್ಬಿನ ಕಡ್ಡಿಯಿಂದ ಬರೆದು ಕಾಗದಕ್ಕೆ ಅಚ್ಚೊತ್ತುವ ಲಿಥೋಗ್ರಫಿಯ) ಹುಚ್ಚು ಹಿಡಿದವರು ಮಾತ್ರ ಎದ್ದು ಬಂದು ಕೈಕುಲುಕುತ್ತಾರೆ. ಹೋದ ಕಂತಿನ ಹೊತ್ತಿಗೆ ಬಲಗಡೆಯ ಅಂಕಣವೆಲ್ಲ ಮಸಿ ಮೆತ್ತಿಕೊಂಡು ಕುಳಿತಿತ್ತು. ಈ ಕಂತು ಪೂರ್ತಿ ಆ ಮಸಿಯದೇ. ಮೇಣದ ಕಡ್ಡಿ ಎರಕ ಹೊಯ್ಯುವುದು, ಚರ್ಮದ ರೋಲರ್ ಪಳಗಿಸುವುದು ನಿಮಗೆ ಗೊತ್ತಿರುವ ಕೆಲಸ, ಬಿಟ್ಟಿದ್ದೇನೆ. ಅಚ್ಚಿನಲ್ಲಿ ನೇರವಾಗಿ ಬರಲೆಂದು ಕಲ್ಲಿನ ಮೇಲೆ ತಿರುಗಿಸಿ ಬರೆಯುವ ಕನ್ನಡಿ ಬರಹದಲ್ಲಿ ಅರ್ಕಾವತ್ತು ಯಾವ ಮಗ್ಗುಲಿಗೆ ಕೂರಬೇಕೆಂದು ಯೋಚಿಸಿ ನಿದ್ದೆಗೆಟ್ಟ ಕಥೆಯನ್ನೂ ಬಿಟ್ಟಿದ್ದೇನೆ.

ಹೊಸಬರಿಗಾಗಿ ಎರಡು ಮಾತು. ನಾನು ಅಚ್ಚು ಹಾಕಹೊರಟಿರುವುದು ಒಂದೇ ಒಂದು ಹಾಳೆ. ತಲಶ್ಶೇರಿಯ ಇಲ್ಲಿಕ್ಕುನ್ನು ಗುಡ್ಡದ ಬಂಗಲೆಯಲ್ಲಿ ಸಂಸಾರ ಹೂಡಿದ್ದ ಬಾಸೆಲ್ ಮಿಷನ್ನಿನ ದಂಪತಿ ಹರ್ಮನ್ ಗುಂಡರ್ಟ್ ಮತ್ತು ಜೂಲಿ ಗುಂಡರ್ಟ್ ಅವರ ದಿನಚರಿ ಅದರಲ್ಲಿ ಎರಡು ಅಂಕಣಗಳಲ್ಲಿ ಬರುತ್ತದೆ. ಎಡ ಅಂಕಣ ಗಂಡನದು, ಬಲ ಅಂಕಣ ಹೆಂಡತಿಯದು. ಇಬ್ಬರೂ 1836ರಲ್ಲಿ ಒಂದೇ ತಂಡದಲ್ಲಿ ಮದರಾಸಿಗೆ ಬಂದಿಳಿದವರು. 1838ರಲ್ಲಿ ಚಿತ್ತೂರಿನಲ್ಲಿ ಮದುವೆಯಾದರು. 1839ರಲ್ಲಿ ಇಲ್ಲಿಕ್ಕುನ್ನಿಗೆ ಬಂದರು. ಬಾಸೆಲ್ ಮಿಷನ್ನಿನ ಉಳಿದ ಪಾದ್ರಿಗಳು ಒಂಟಿಯಾಗಿ ಬಂದು, ಕೆಲವು ವರ್ಷ ದುಡಿದು, ಮದುವೆಗೆ ಬಾಸೆಲ್ಲಿನ ಸಮಿತಿಯ ಅಪ್ಪಣೆ ಬೇಡಿ, ಅಲ್ಲಿಂದ ಹಡಗಿನಲ್ಲಿ ಬರುವ ವಧುವಿಗೆ ಕಾಯಬೇಕಿತ್ತು. ಈ ಜೋಡಿ ಮೊದಲೇ ಮದುವೆಯಾಗಿ ಮಿಷನ್ ಸೇರಿದ್ದರಿಂದ ಆ ತಾಪತ್ರಯ ಇವರಿಗೆ ತಪ್ಪಿತು.

ಕನ್ನಡದವನಿಗೆ ತಲಶ್ಶೇರಿಯ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಮಂಗಳೂರಿನಲ್ಲಿ ಮಿಷನ್ನಿನ ಕಲ್ಲಚ್ಚು 1841ರಲ್ಲೇ ಕೆಲಸ ಶುರುಮಾಡಿತ್ತು. ಗುಂಡರ್ಟ್ ಅವರ ಟ್ಯೂಬಿಂಗೆನ್ ಗೆಳೆಯ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಅದೇ ಕಲ್ಲುಗಳ ಮೇಲೆ. ಗುಂಡರ್ಟ್ ಹೊರತಂದ ‘ಕೇರಳೋತ್ಪತ್ತಿ’ಯೂ ಅದೇ ವರ್ಷ ಮಂಗಳೂರಿನಲ್ಲೇ ಅಚ್ಚಾಯಿತು. ಆಮೇಲೆ ಇಲ್ಲಿಕ್ಕುನ್ನಿಗೂ ಕಲ್ಲಚ್ಚು ಬಂತು. 1847ರ ಜೂನ್‌ನಲ್ಲಿ ‘ರಾಜ್ಯಸಮಾಚಾರಂ’, ಅಕ್ಟೋಬರ್‌ನಲ್ಲಿ ‘ಪಶ್ಚಿಮೋದಯಂ’ ಎಂಬ ಮಲಯಾಳ ಪತ್ರಿಕೆಗಳು ಅಲ್ಲಿಂದ ಹೊರಟವು. ಒಂದು ಮಗ್ಗುಲಲ್ಲಿ ಹೆಣ್ಣುಮಕ್ಕಳ ಶಾಲೆ, ಇನ್ನೊಂದರಲ್ಲಿ ನಿಘಂಟಿನ ಚೀಟಿಗಳು, ನಡುವೆ ಮಸಿಯ ವಾಸನೆ. ಅಂಥ ಮನೆಯ ದಿನಚರಿಯನ್ನು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಲೇಸರ್ ಪ್ರಿಂಟರಿನಲ್ಲಿ ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ಇನ್ನು ಮಸಿಯ ವಿಷಯ. ಈ ಕಸುಬಿಗೆ ಜಗತ್ತು ಮೆಚ್ಚಿದ ಕಲ್ಲು ಬವೇರಿಯಾದ ಜೋಲ್ನ್‌ಹೋಫನ್ನಿನದು. ಅದನ್ನು ಧಾರವಾಡಕ್ಕೆ ತರಿಸುವ ಖರ್ಚಿನಲ್ಲಿ ನಾನೇ ಬವೇರಿಯಾಕ್ಕೆ ಹೋಗಿ ಬರಬಹುದು. ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ ತಾನೆ, ಆಸಿಡ್ ಬಿದ್ದರೆ ನೊರೆಯುತ್ತದೆ, ಕಣ ಸಣ್ಣದು, ನಮ್ಮ ಅಜ್ಜನ ಮನೆಯ ಪಡಸಾಲೆಗೂ ಹಾಸಿದ್ದು ಅದನ್ನೇ. ಒಂದೂವರೆ ಇಂಚು ದಪ್ಪದ ಚಪ್ಪಡಿಯನ್ನೇ ಹುಡುಕಿ ತಂದೆ. ತೆಳುವಾದದ್ದು ಒತ್ತುಯಂತ್ರದ ಕೆಳಗೆ ಹಪ್ಪಳವಾಗುತ್ತದೆ. ತೇಯ್ದು, ಬರೆದು, ರಾಳದ ಪುಡಿ ಉದುರಿಸಿ, ಅಂಟಿಗೆ ಆಸಿಡ್ ಬೆರೆಸಿ ಸವರಿ, ಟರ್ಪೆಂಟೈನಿನಲ್ಲಿ ಒರೆಸಿ, ಒದ್ದೆ ಮಾಡಿ ಮಸಿ ಉರುಳಿಸಿದರೆ ಗಂಡನ ಅಂಕಣ ಅಚ್ಚುಕಟ್ಟಾಗಿ ಬಂತು. ಹೆಂಡತಿಯ ಅಂಕಣದಲ್ಲಿ ಅಕ್ಷರಗಳೂ ಕಪ್ಪು, ಅವುಗಳ ನಡುವಿನ ಜಾಗವೂ ಕಪ್ಪು.

ನೀರಿನ ಸ್ಪಂಜು ಹಿಡಿದು ಎದುರಿಗೆ ನಿಂತಿದ್ದ ನನ್ನ ಹೆಂಡತಿ ಹಾಳೆ ನೋಡಿ, “ಚರಿತ್ರೆಯಲ್ಲಿ ಆಗಿದ್ದನ್ನೇ ನಿಮ್ಮ ಕಲ್ಲೂ ಮಾಡಿದೆ ಬಿಡಿ” ಎಂದಳು. ಅವಳು ಹೇಳಿದ್ದರಲ್ಲಿ ಹುರುಳಿದೆ. ವ್ಯಾಕರಣ, 1872ರ ಮಲಯಾಳ ನಿಘಂಟು, ಪತ್ರಿಕೆ ಎಂದು ಗಂಡನ ಪಟ್ಟಿ ಎಲ್ಲರ ಬಾಯಲ್ಲಿದೆ. 1809ರಲ್ಲಿ ಹುಟ್ಟಿದ ಜೂಲಿಯವರು ಗಂಡನಿಗಿಂತ ನಾಲ್ಕು ವರ್ಷ ದೊಡ್ಡವರು, ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಾತಿನ ಕಡೆಯವರು. ಜರ್ಮನ್ ಮಾತಿನ ಮಿಷನ್ನಿನ ಒಳಗೆ ಫ್ರೆಂಚ್ ಮನೆಮಾತಿನವರಾಗಿ, ಮಲಬಾರಿನ ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಓದು, ಹೊಲಿಗೆ, ಮನೆಗೆಲಸ ಕಲಿಸುತ್ತ ಎರಡು ದಶಕ ಕಳೆದವರು. 1857ರಲ್ಲಿ ಗುಂಡರ್ಟ್ ಅವರು ಮಲಬಾರ್ ಮತ್ತು ಕೆನರಾದ ಶಾಲಾ ತನಿಖಾಧಿಕಾರಿಯಾಗಿ ಊರೂರು ಸುತ್ತಲು ಹೊರಟ ಮೇಲೆ ಅವರ ಅಂಕಣದಲ್ಲಿ ನಾನು ಬರೆಯಬೇಕಾದದ್ದೆಲ್ಲ ಪ್ರಯಾಣವೇ. ಮನೆ ಹಿಡಿದು ನಿಂತವರ ದಿನವನ್ನು ಮಾತ್ರ ಎಷ್ಟು ಬರೆದರೂ ಸಾಲು ಸಾಲುತ್ತಿರಲಿಲ್ಲ. ಅಂಥ ಅಂಕಣವೇ ಮಸಿಯಲ್ಲಿ ಮುಳುಗಿದ್ದಕ್ಕೆ ನನಗೆ ಸಿಟ್ಟು ಬಂದದ್ದು.

ಮೊದಲ ಅನುಮಾನ ಅಂಟಿನ ಮೇಲೆ ಹೋಯಿತು. ಬರಹವಿಲ್ಲದ ಜಾಗದಲ್ಲಿ ಅಂಟಿನ ಪೊರೆ ಕೂರದಿದ್ದರೆ ನೀರು ನಿಲ್ಲದು, ನೀರು ನಿಲ್ಲದಿದ್ದರೆ ಮಸಿಗೆ ತಡೆಯಿಲ್ಲ. ಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ ಜಾಲಿ ಅಂಟು ಎಂದು ಕೇಳಿ ತಂದದ್ದು ರಾತ್ರಿಯಿಡೀ ನೆನೆದರೂ ಅರ್ಧ ಕರಗಿ, ಉಳಿದರ್ಧ ಲೋಳೆಯಾಗಿ ತಳದಲ್ಲಿ ಕೂತಿತು. ಅದು ದಿಂಡಿಗದ ಅಂಟು. ಅಂಗಡಿಯವರನ್ನು ಕೇಳಿದರೆ, “ಸರ್, ಎರಡೂ ಮರದಿಂದಲೇ ಬರುವುದು” ಎಂದರು. ಈ ತರ್ಕದ ಪ್ರಕಾರ ಹಲಸಿನ ಹಣ್ಣೂ ಹುಣಸೆ ಹಣ್ಣೂ ಒಂದೇ. ಬೇರೆ ಕಡೆಯಿಂದ ಸರಿಯಾದ ಅಂಟು ತರಿಸಿ, ಬಟ್ಟೆಯಲ್ಲಿ ಸೋಸಿ, ಅಕ್ಕಸಾಲಿಗರ ಹತ್ತಿರ ಸಿಕ್ಕಿದ ನೈಟ್ರಿಕ್ ಆಸಿಡ್ಡನ್ನು ಹನಿ ಲೆಕ್ಕದಲ್ಲಿ ಬೆರೆಸಿದೆ. ಗಂಡನ ಅಂಕಣ ಇನ್ನೂ ಚೊಕ್ಕಟವಾಯಿತು. ಹೆಂಡತಿಯದು ಹಾಗೆಯೇ ಉಳಿಯಿತು. ಹೊಸ ಅಂಟಿನಲ್ಲಿ ಉಳಿದ ಹರಳುಗಳನ್ನು ಮನೆಯವಳು ತುಪ್ಪದಲ್ಲಿ ಹುರಿದು ಅಂಟಿನ ಉಂಡೆ ಕಟ್ಟಿದಳು. ಈ ಯೋಜನೆಯಲ್ಲಿ ಅಲ್ಲಿಯವರೆಗೆ ನೆಟ್ಟಗೆ ಆದ ಕೆಲಸ ಅದೊಂದೇ.

ಆಸಿಡ್ ಹೆಚ್ಚಿಸಿದರೆ ಸಣ್ಣ ಒತ್ತುಗಳು ಮಾಯವಾದವು. ಕಡಿಮೆ ಮಾಡಿದರೆ ಮಸಿ ಇನ್ನಷ್ಟು ಹರಡಿತು. ರೋಲರ್ ಬದಲಿಸಿದೆ, ಮಸಿ ಬದಲಿಸಿದೆ, ಕಾಗದ ಬದಲಿಸಿದೆ. ಹುಬ್ಬಳ್ಳಿಯಲ್ಲಿ ಆಫ್‌ಸೆಟ್ ಯಂತ್ರದ ಮುಂದೆ ಆಯುಷ್ಯ ಕಳೆದು ನಿವೃತ್ತರಾದ ಹಿರಿಯರೊಬ್ಬರು ಬಂದು ನೋಡಿ, ಒಂದು ಮಾತೂ ಆಡದೆ, ಒಣಗಿದ ಕಲ್ಲಿನ ಮೇಲೆ ಬೆರಳಿನಿಂದ ನೀರಿನ ಹನಿಗಳನ್ನು ಸಾಲಾಗಿ ಇಟ್ಟರು. ಒಂದು ಅಂಚಿನಿಂದ ಶುರುವಾದ ಹನಿಗಳು ಹರಡಿ ಕಲ್ಲಿನೊಳಗೆ ಇಂಗಿದವು. ಇನ್ನೊಂದು ಅಂಚು ಹತ್ತಿರವಾದಂತೆ ಹನಿಗಳು ಗುಂಡಗೆ ಕೂತವು, ಕದಲಲಿಲ್ಲ. “ಕಲ್ಲು ಎಣ್ಣೆ ಕುಡಿದಿದೆಯಪ್ಪ. ಎಲ್ಲಿ ತಂದೆ ಇದನ್ನು?” ಎಂದು ಕೇಳಿದರು.

ಮಾರಿದವರಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬಂದ ಉತ್ತರದಲ್ಲಿ ಸಂಕೋಚದ ಲವಲೇಶವೂ ಇರಲಿಲ್ಲ: “ಹೌದು ಸರ್, ಎಲ್ಲ ಕಲ್ಲಿಗೂ ಎಣ್ಣೆ ಹಚ್ಚಿಯೇ ಕೊಡುತ್ತೇವೆ. ಇಲ್ಲದಿದ್ದರೆ ಕರಿ ಬಣ್ಣ ಏಳುವುದಿಲ್ಲ. ಅದಕ್ಕೆ ನಿಮ್ಮಿಂದ ದುಡ್ಡು ತೆಗೆದುಕೊಂಡಿಲ್ಲವಲ್ಲ!” ಯಾವ ಎಣ್ಣೆ ಎಂದರೆ, ಆ ದಿನ ಡಬ್ಬದಲ್ಲಿ ಯಾವುದಿತ್ತೋ ಅದು. ಹಚ್ಚಿದ ಮೇಲೆ ಚಪ್ಪಡಿಗಳನ್ನು ಗೋಡೆಗೆ ಆನಿಸಿ ನಿಲ್ಲಿಸುತ್ತಾರೆ. ಎಣ್ಣೆ ಇಳಿದು ಕೆಳ ಅಂಚಿಗೆ ಸೇರುತ್ತದೆ. ಆ ಕೆಳ ಅಂಚೇ ನನ್ನ ಕಲ್ಲಿನ ಎಡಭಾಗ, ಅಂದರೆ ಹಾಳೆಯ ಬಲ ಅಂಕಣ. ನಾವು ಬರೆಯುವ ಕಡ್ಡಿಯ ಕೊಬ್ಬು ಸುಣ್ಣಕ್ಕೆ ಅಂಟಿ ಮಸಿ ಹಿಡಿಯುವುದೇ ಕಲ್ಲಚ್ಚಿನ ಗುಟ್ಟು. ಜೇನುಮೇಣ, ಬಟ್ಟೆ ಸಾಬೂನು, ಅರಗು, ದೀಪದ ಮಸಿ ಕಲಸಿ ನಾನು ಮಾಡಿದ ಕಡ್ಡಿಯ ಕೊಬ್ಬು ಯಾವುದು, ಅಂಗಳದಲ್ಲಿ ಯಾರೋ ಸವರಿದ ಎಣ್ಣೆ ಯಾವುದು ಎಂಬ ಭೇದ ಕಲ್ಲಿಗೆ ಎಲ್ಲಿಂದ ಬರಬೇಕು?

ಎಣ್ಣೆ ಇಳಿಸುವ ಸಾಹಸ ಆಮೇಲಿನದು. ಮುಲ್ತಾನಿ ಮಣ್ಣನ್ನು ಟರ್ಪೆಂಟೈನಿನಲ್ಲಿ ಕಲಸಿ ದಪ್ಪಗೆ ಮೆತ್ತಿ, ಪ್ಲಾಸ್ಟಿಕ್ ಹೊದಿಸಿ ಬಿಟ್ಟರೆ ಮಣ್ಣು ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಹಳೆಯ ಕಲ್ಲಿನ ಕಟ್ಟಡಗಳ ಕಲೆ ತೆಗೆಯುವವರು ಬಳಸುವ ಉಪಾಯ ಇದು. ಪಕ್ಕದ ಮನೆಯ ಅತ್ತೆಯವರು ಇಣುಕಿ ನೋಡಿ ಕಲ್ಲಿಗೂ ಮುಖಕಾಂತಿ ಬೇಕಾಯಿತೇ ಎಂದು ಕೇಳಿ ಹೋದರು. ಮಣ್ಣು ಒಣಗಿ ಹಳದಿಯಾಗಿ ಕಿತ್ತು ಬಂತು. ನೀರಿನ ಹನಿ ಹರಡಿತು. ಕುಣಿದಾಡಿದೆ. ಬರೆದು ಅಚ್ಚಿಗೆ ಹಾಕಿದೆ, ಮೊದಲ ಹಾಳೆ ಚೆನ್ನಾಗಿ ಬಂತು. ಬಿಸಿಲೇರಿ ಮಾಳಿಗೆಯ ಕೋಣೆ ಕಾದಂತೆಲ್ಲ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬಂದು, ಮುಂದಿನ ಹಾಳೆಗಳಲ್ಲಿ ಜೂಲಿಯವರ ಅಂಕಣ ನಿಧಾನವಾಗಿ ಮಬ್ಬಾಗಿ, ಕಡೆಗೆ ಮೊದಲಿನಂತೆಯೇ ಮುಳುಗಿತು. ಒಮ್ಮೆಲೇ ಕೈಕೊಟ್ಟಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಪರಿಹಾರ ಹೊಳೆದದ್ದು ಆ ಹಿರಿಯರಿಗೇ. “ಎಣ್ಣೆ ಹಚ್ಚಿದ್ದು ಹೊಳಪಿನ ಮೈಗೆ. ಗಾರೆಯ ಕಡೆಗೆ ಹೋಗುವ ಒರಟು ಮೈಗೆ ಯಾರು ಹಚ್ಚುತ್ತಾರೆ?” ಚಪ್ಪಡಿಯನ್ನು ಮಗುಚಿದೆವು. ಗಣಿಯಲ್ಲಿ ಹೇಗೆ ಸೀಳಿ ಬಂದಿತ್ತೋ ಹಾಗೇ ಉಬ್ಬು ತಗ್ಗಿನ ಮೈ. ಹನಿ ಇಟ್ಟರೆ ಈ ಅಂಚಿನಿಂದ ಆ ಅಂಚಿನವರೆಗೂ ಇಂಗಿತು. ಒಂದೂವರೆ ಇಂಚಿನ ದಪ್ಪವನ್ನು ಎಣ್ಣೆ ದಾಟಿರಲಿಲ್ಲ.

ಇಲ್ಲಿಂದ ಮುಂದೆ ಬುದ್ಧಿಯ ಕೆಲಸವಿಲ್ಲ, ತೋಳಿನ ಕೆಲಸ. ದೊಡ್ಡ ಉಬ್ಬುಗಳನ್ನು ಗ್ರೈಂಡರಿನಲ್ಲಿ ತೆಗೆಸಿದೆ. ನೀರು ಬಿಟ್ಟುಕೊಂಡೇ ಮಾಡಿಸಿ, ಮೂಗಿಗೆ ಮುಖವಾಡವಿರಲಿ, ಈ ಕಲ್ಲಿನ ದೂಳು ಒಳ್ಳೆಯದಲ್ಲ. ಆಮೇಲೆ ಇದೇ ಅಳತೆಯ ಇನ್ನೊಂದು ಕಲ್ಲನ್ನು ಮೇಲಿಟ್ಟು, ನಡುವೆ 80ರ ಕಾರ್ಬೊರಂಡಮ್ ಪುಡಿ (ತೇಯಲು ಬಳಸುವ ಗಟ್ಟಿ ಹರಳಿನ ಪುಡಿ, ಸಂಖ್ಯೆ ಏರಿದಷ್ಟೂ ಕಾಳು ಸಣ್ಣದು) ಮತ್ತು ನೀರು ಹಾಕಿ, ಎಂಟರ ಆಕಾರದಲ್ಲಿ ತಿರುಗಿಸಿ ತೇಯುವುದು. ಪುಡಿ ಕೆಸರಾದಾಗ ತೊಳೆಯುವುದು, ಹೊಸ ಪುಡಿ ಹಾಕುವುದು, 150, ಕೊನೆಗೆ 220. ಮಟ್ಟ ನೋಡಲು ಉಕ್ಕಿನ ಪಟ್ಟಿಯ ಕೆಳಗೆ ಕಾಗದದ ಚೂರುಗಳನ್ನಿಟ್ಟು ಎಳೆದು ನೋಡಿ. ಸಡಿಲವಾಗಿ ಬಂದ ಕಡೆ ತಗ್ಗು. ನಡುವೆ ತಗ್ಗಾಗುವುದು ಈ ತೇಯ್ತದ ಜನ್ಮದೋಷ, ಮೂಲೆಗಳ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕು. ಕಾರ್ಬೊರಂಡಮ್ ಮಾರುವವರು 150 ಎಂದು ಚೀಟಿ ಅಂಟಿಸಿದ ಪೊಟ್ಟಣದಲ್ಲಿ ದಪ್ಪ ಕಾಳುಗಳೂ ಇದ್ದವು. ಒಂದು ಕಾಳು ಗೀರಿದ ಗೆರೆಯನ್ನು ಅಳಿಸಲು ಸಂಜೆಯೇ ಹೋಯಿತು. ಪುಡಿಯನ್ನು ನೀರಿಗೆ ಹಾಕಿ ಕಲಕಿ, ದಪ್ಪದ್ದು ತಳಕ್ಕಿಳಿದ ಮೇಲೆ ತಿಳಿಯನ್ನು ಬಸಿದುಕೊಂಡೇ ಬಳಸಿ. ಚೀಟಿ ನಂಬಬೇಡಿ.

ಈಗಿನ ಹಾಳೆಯಲ್ಲಿ ಎರಡೂ ಅಂಕಣಗಳು ಓದಲು ಬರುತ್ತವೆ. ಮಸಿ ಉರುಳಿಸುವವನು ಒಬ್ಬ, ಪ್ರತಿ ಸಲವೂ ಕಲ್ಲು ಆರುವ ಮೊದಲು ಒದ್ದೆ ಮಾಡುವವರು ಇನ್ನೊಬ್ಬರು, ಹೀಗೆ ಇಬ್ಬರಿದ್ದರೇ ಈ ಕೆಲಸ ಎಂಬುದು ನನಗೂ ಮನೆಯವಳಿಗೂ ಚೆನ್ನಾಗಿ ಮನವರಿಕೆಯಾಗಿದೆ. ಅವಳ ಷರತ್ತು, ಹಾಳೆಯ ಕೆಳಗೆ ಅಚ್ಚು ಹಾಕಿದವರ ಹೆಸರಿನಲ್ಲಿ ತನ್ನದೇ ಮೊದಲು ಬರಬೇಕು. ಒಪ್ಪಿದ್ದೇನೆ, ಒಪ್ಪದಿದ್ದರೆ ಸ್ಪಂಜು ಯಾರ ಕೈಯಲ್ಲಿದೆ ಎಂಬುದು ಗೊತ್ತು.

ಒಂದು ಊನ ಉಳಿದಿದೆ. ಕಲ್ಲಿನಲ್ಲಿ ಬೆಣಚಿನ ಎಳೆಯೊಂದು ಓರೆಯಾಗಿ ಹಾದುಹೋಗುತ್ತದೆ. ಅದು ಆಸಿಡ್ಡಿಗೂ ಜಗ್ಗುವುದಿಲ್ಲ, ಕಡ್ಡಿಯ ಕೊಬ್ಬನ್ನೂ ಹಿಡಿಯುವುದಿಲ್ಲ. ಅಚ್ಚಿನಲ್ಲಿ ಅದು ಸಣ್ಣ ಬಿಳಿ ಗೆರೆ. ಅದು ಬಿದ್ದಿರುವುದು ಮಗಳು ಮೇರಿಯ ಸಾಲಿನ ಮೇಲೆ. 1842ರಲ್ಲಿ ಮಲಬಾರಿನಲ್ಲಿ ಹುಟ್ಟಿ, ನಾಲ್ಕು ತುಂಬುವ ಮೊದಲೇ ಯುರೋಪಿಗೆ ಕರೆದೊಯ್ದು ಬಿಟ್ಟು ಬಂದ ಮಗು. ಪಾದ್ರಿಗಳ ಮಕ್ಕಳು ಅಲ್ಲಿಯೇ ಬೆಳೆಯಬೇಕೆಂಬುದು ಆ ಕಾಲದ ಪದ್ಧತಿ. ಅವಳು ತಾಯಿಯ ಹತ್ತಿರಕ್ಕೆ ಮರಳಿದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಮುಂದೆ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿಯಾದವಳು ಇವಳೇ. ಜೂಲಿಯವರ ಅಂಕಣದಲ್ಲಿ ಬರೆಯಲು ನನಗೆ ಬಹಳ ಕಷ್ಟವಾದ ಸಾಲು ಅದು. ಗೆರೆ ತಪ್ಪಿಸಲು ಅಂಕಣವನ್ನು ಕೆಳಕ್ಕೆ ಸರಿಸುವುದಾದರೆ ಇಡೀ ಪುಟವನ್ನು ಮತ್ತೆ ಕನ್ನಡಿ ಬರಹದಲ್ಲಿ ಬರೆಯಬೇಕು. ಬರೆಯುವುದಿಲ್ಲ. ಗೆರೆ ಇರಲಿ.

ಮುಂದಿನದು ಈಗಲೇ ತಲೆ ತಿನ್ನುತ್ತಿದೆ. ಮಂಗಳೂರಿನ ಅಚ್ಚುಕೂಟದ ಕೆಲಸಕ್ಕೆ ಬಂದ ಗೆಯಾರ್ಗ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಕ್ಷರ ಒತ್ತುತ್ತಿದ್ದವರು ಜೇಡಿಮಣ್ಣು ಒತ್ತಲು ಹೋದದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಕಾಗದದಷ್ಟು ಕಾಡುವುದಿಲ್ಲವಲ್ಲ. ಬೆರಳುಗುರಿನಷ್ಟು ಸಣ್ಣ ಮಂಗಳೂರು ಹೆಂಚು ಒತ್ತಿ, ಸುಟ್ಟು, ಪಕ್ಕಾಸು ರೀಪುಗಳ ಮೇಲೆ ಒಂದಕ್ಕೊಂದು ಕೊಂಡಿ ಕೂಡುವಂತೆ ಹೊದಿಸುವ ಆಸೆ. ಇಲ್ಲಿಕ್ಕುನ್ನಿನ ಬಂಗಲೆಗೆ ಗುಂಡರ್ಟ್ ದಂಪತಿ ಇದ್ದ ಕಾಲದಲ್ಲಿ ಈ ಹೆಂಚು ಹೊದಿಸಿರಲು ಸಾಧ್ಯವೇ ಇಲ್ಲ ಎಂದು ಪತ್ರ ಬರೆಯಲು ಕುಳಿತವರು ಲೇಖನಿ ಕೆಳಗಿಡಿ. ಮಾದರಿ ಬೇರೆ ಮನೆಯದು, 1870ರ ಆಚೆಯದು.

ಅದಕ್ಕೆ ಮೊದಲು ಈ ಹಾಳೆಯ ಹಿಂಬದಿ ಮುಗಿಸಬೇಕು. ಕನ್ನಡಿ ಬರಹ ಇನ್ನು ಸಾಕು; ನೇರವಾಗಿ ಬರೆದು ಕಲ್ಲಿಗೆ ಇಳಿಸುವ ವರ್ಗಾವಣೆ ಕಾಗದ ಮಾಡಲು ಗಂಜಿ ಮತ್ತು ಅಂಟಿನ ಪ್ರಮಾಣ ಹುಡುಕುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಮಾಡಿ ನೋಡಿದ್ದರೆ ಯಾವ ಗಂಜಿ ಎಂಬುದನ್ನು ತಿಳಿಸಿ. ಅಕ್ಕಿಯದು ನನ್ನ ಕೈಯಲ್ಲಿ ಬಿರುಕು ಬಿಡುತ್ತಿದೆ. ಹಾಗೆಯೇ ಎಣ್ಣೆ ಮುಟ್ಟಿಸದ, ಎರಡು ಇಂಚು ದಪ್ಪದ ಶಹಾಬಾದ್ ಕಲ್ಲು ಕೊಡುವವರು ಗೊತ್ತಿದ್ದರೆ ಹೇಳಿ. ಹೋಗುವಾಗ ನೀರಿನ ಬಾಟಲಿ ನಾನೇ ತರುತ್ತೇನೆ, ದುಡ್ಡು ಎಣಿಸುವ ಮೊದಲು ಹನಿ ಇಟ್ಟು ನೋಡಲು.