ಕೆಟ್ಟಿದ್ದು ಸ್ಪೂಲ್ ಅಲ್ಲ, ಫಿಲ್ಮ್

ಕಳೆದ ಮಳೆಗಾಲದಲ್ಲಿ ಅರವತ್ತು ಒಳ್ಳೆಯ ಸ್ಪೂಲ್‌ಗಳನ್ನು ನಾನೇ ಕೈಯಾರೆ ತಿರಸ್ಕೃತ ಮಾಲಿನ ಕೆಂಪು ಕ್ರೇಟಿಗೆ ಹಾಕಿದೆ. ಬೆಳಗಾವಿಯ ಉದ್ಯಮಬಾಗದ ಸಣ್ಣ ಮಷಿನ್ ಶಾಪ್ ಒಂದರಲ್ಲಿ ತಪಾಸಣೆ ನನ್ನ ಕೆಲಸ. ಹೈಡ್ರಾಲಿಕ್ ವಾಲ್ವ್‌ಗಳ ಒಳಗೆ ಹಿಂದೆ ಮುಂದೆ ಸರಿಯುವ ಸ್ಪೂಲ್‌ಗಳನ್ನು ನಾವು ತಯಾರಿಸುತ್ತೇವೆ. ಕ್ರೇಟ್ ತುಂಬಿದ್ದನ್ನು ನೋಡಿದ ಸಿಎನ್‌ಸಿ ಆಪರೇಟರ್ ಏನೂ ಜಗಳ ಮಾಡಲಿಲ್ಲ. ಒಂದು ಸ್ಪೂಲನ್ನು ಎತ್ತಿಕೊಂಡು ಬಂದು, "ಅಕ್ಕಾ, ಇದನ್ನು ಇನ್ನೊಮ್ಮೆ ಡೆಪ್ತ್ ಮೈಕ್ರೋಮೀಟರಿನಲ್ಲಿ ನೋಡಿರಿ" ಎಂದ. ನೋಡಿದೆ. 20.02. ಬೇಕಾದದ್ದು 20.00 ಮಿ.ಮೀ., ಎರಡೂ ಕಡೆ 0.05 ಮಾಫಿ, ಅಂದರೆ ಅಷ್ಟು ಹೆಚ್ಚು ಕಡಿಮೆಯಾದರೂ ನಡೆಯುತ್ತದೆ. ಸ್ಪೂಲ್ ಸರಿಯಾಗಿಯೇ ಇತ್ತು.

ನಾನು ಅವನ್ನು ತಿರಸ್ಕರಿಸಿದ್ದು ಪ್ರೊಫೈಲ್ ಪ್ರೊಜೆಕ್ಟರಿನಲ್ಲಿ ನೋಡಿ. ಅದನ್ನು ನೋಡದವರಿಗಾಗಿ ಎರಡು ಮಾತು. ಜಾಬ್‌ನ (ಅಂದರೆ ತಯಾರಾದ ಬಿಡಿಭಾಗದ) ಹಿಂದಿನಿಂದ ಬೆಳಕು ಬಿಟ್ಟು ಅದರ ನೆರಳನ್ನು ಹತ್ತು ಪಟ್ಟು ದೊಡ್ಡದು ಮಾಡಿ ಗಾಜಿನ ಪರದೆಯ ಮೇಲೆ ಬೀಳಿಸುವ ಯಂತ್ರ ಅದು. ಪರದೆಯ ಮೇಲೆ ಒಂದು ಪಾರದರ್ಶಕ ಫಿಲ್ಮ್ ಸಿಕ್ಕಿಸುತ್ತೇವೆ. ಫಿಲ್ಮಿನಲ್ಲಿ ಅದೇ ಜಾಬ್‌ನ ರೇಖೆಗಳು, ಅವೂ ಹತ್ತು ಪಟ್ಟು. ಪ್ರತಿ ಅಂಚಿಗೂ ಎರಡೆರಡು ಗೆರೆ. ನೆರಳಿನ ಅಂಚು ಆ ಎರಡರ ನಡುವೆ ಬಿದ್ದರೆ ಪಾಸ್, ದಾಟಿದರೆ ಕೆಂಪು ಕ್ರೇಟ್. 0.05 ಮಾಫಿ ಎಂದರೆ ಗೆರೆಗಳ ನಡುವೆ ಒಂದು ಮಿಲಿಮೀಟರ್ ಓಣಿ. ಎಳೆಯ ಹುಡುಗರೂ ನೋಡಿ ಹೇಳಬಹುದಾದಷ್ಟು ಸುಲಭ, ಫಿಲ್ಮ್ ಸುಳ್ಳು ಹೇಳದಿದ್ದರೆ.

ನಮ್ಮ ಫಿಲ್ಮ್ ಸುಳ್ಳು ಹೇಳುತ್ತಿತ್ತು. ಊರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟರಿನಿಂದ ತೆಗೆಸಿಕೊಂಡು ಬಂದದ್ದು ಅದು. ಮೊದಲ ಸಲ ಅಲ್ಲಿಯ ಹುಡುಗ ಹಾಳೆಗೆ ಹೊಂದಿಸುವ ಆಯ್ಕೆಯನ್ನು ಹಾಗೆಯೇ ಬಿಟ್ಟು, ಇಡೀ ಚಿತ್ರವೇ ಕುಗ್ಗಿ ಬಂದಿತ್ತು. ಅದು ಕಣ್ಣಿಗೆ ಹೊಡೆದು ಕಂಡಿತು, ಕೂಡಲೇ ವಾಪಸ್ಸು ಕೊಟ್ಟೆ. ಎರಡನೆಯ ಸಲ 'ಇದ್ದ ಅಳತೆಯಲ್ಲೇ' ಎಂದು ನಿಂತು ಮಾಡಿಸಿಕೊಂಡು ಬಂದೆ. ಆ ಭರವಸೆಯಲ್ಲಿ ಅಳೆಯಲೇ ಇಲ್ಲ. ಅರವತ್ತು ಸ್ಪೂಲ್‌ಗಳ ನಂತರ ಫಿಲ್ಮನ್ನು ಆ್ಯಂಗಲ್ ಪ್ಲೇಟಿಗೆ ಅಂಟಿಸಿ, ಗ್ರಾನೈಟ್ ಮೇಜಿನ ಮೇಲೆ ಎತ್ತರ ಅಳೆಯುವ ಹೈಟ್ ಗೇಜ್ ಇಟ್ಟು, ಭೂತಗನ್ನಡಿ ಹಿಡಿದು ನೋಡಿದರೆ 250 ಮಿ.ಮೀ. ಇರಬೇಕಾದ ಗೆರೆ 249.4 ಇತ್ತು. ಶೇಕಡಾ ಕಾಲು ಭಾಗಕ್ಕೂ ಕಡಿಮೆ. ಆದರೆ 20 ಮಿ.ಮೀ. ಉದ್ದ ಫಿಲ್ಮಿನಲ್ಲಿ 200 ಆಗುತ್ತದೆ, ಅಲ್ಲಿ ಸುಮಾರು ಅರ್ಧ ಮಿಲಿಮೀಟರ್ ಕಾಣೆ. ಜಾಬ್‌ನ ಲೆಕ್ಕದಲ್ಲಿ 48 ಮೈಕ್ರಾನ್, ಅಂದರೆ 0.048 ಮಿ.ಮೀ. ನಮಗಿದ್ದ ಮಾಫಿ 50. ಹೆಚ್ಚುಕಡಿಮೆ ಅಷ್ಟನ್ನೂ ಪ್ರಿಂಟರೇ ತಿಂದು ಮುಗಿಸಿತ್ತು.

ಮಾಲಕರು ಬೈಯಲಿಲ್ಲ. "ಹೊರಗೆ ಮಾಡಿಸುವುದು ಬೇಡ, ಐವತ್ತು ಸಾವಿರದೊಳಗೆ ಒಂದು ಪ್ರಿಂಟರ್ ನೋಡು" ಎಂದರು. ಅವರು ಬೈದಿದ್ದರೆ ಒಳ್ಳೆಯದಿತ್ತು, ಏಕೆಂದರೆ ಮುಂದಿನ ಮೂರು ವಾರ ನಾನು ಪಟ್ಟ ಪಾಡು ಅದಕ್ಕಿಂತ ಹೆಚ್ಚಿನದು.

ಅಂಗಡಿಗಳಲ್ಲಿ ಎಲ್ಲರೂ ಹೇಳುವುದು ಡಿಪಿಐ ಒಂದನ್ನೇ. ಒಂದು ಅಂಗುಲಕ್ಕೆ 1200 ಚುಕ್ಕೆ ಎಂದರೆ ಚುಕ್ಕೆಯಿಂದ ಚುಕ್ಕೆಗೆ 0.021 ಮಿ.ಮೀ. ಕೇಳುವುದಕ್ಕೆ ಚೆಂದ. ಆದರೆ ಹಾಳೆಯ ಈ ತುದಿಯ ಚುಕ್ಕೆಗೂ ಆ ತುದಿಯ ಚುಕ್ಕೆಗೂ ನಡುವಿನ ದೂರ ಸರಿಯಿದೆಯೇ ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ. ಒಬ್ಬರಂತೂ, "ಅಕ್ಕಾ, ಫೋಟೋ ಎಷ್ಟು ಚೆನ್ನಾಗಿ ಬರುತ್ತದೆ ನೋಡಿರಿ" ಎಂದು ಗೋಕಾಕ ಜಲಪಾತದ ಚಿತ್ರ ತೆಗೆದು ಕೈಗಿತ್ತರು. ಚೆನ್ನಾಗಿಯೇ ಇತ್ತು. ಕೊನೆಗೆ ನಾನೇ ಒಂದು ಪರೀಕ್ಷಾ ಚಿತ್ರ ಬರೆದೆ: ಎರಡೂ ದಿಕ್ಕಿನಲ್ಲಿ 250 ಮಿ.ಮೀ. ಚೌಕ, ನಾಲ್ಕು ಮೂಲೆಗೆ ಅಡ್ಡಗೆರೆ, ಅಷ್ಟೇ. ಅದನ್ನು ಪೆನ್‌ಡ್ರೈವಿನಲ್ಲಿಟ್ಟುಕೊಂಡು, ಫಿಲ್ಮ್ ಹಾಳೆಗಳನ್ನು ಕೊಳವೆಯಂತೆ ಸುತ್ತಿ ಹಿಡಿದು ಊರೆಲ್ಲ ತಿರುಗಿದೆ. ಒಂದೇ ಪ್ರಿಂಟರಿನಿಂದ ಮೂರು ಮೂರು ಹಾಳೆ ತೆಗೆಸುತ್ತಿದ್ದೆ. ಮೂರು ಏಕೆ ಎಂದು ಎಲ್ಲರೂ ಕೇಳಿದರು.

ಆ ಮೂರರಿಂದಲೇ ವಿಷಯ ತಿಳಿದದ್ದು. ಲೇಸರಿನಲ್ಲಿ ಹಾಳೆ ಸಾಗುವ ದಿಕ್ಕಿನ ಅಳತೆ ಒಮ್ಮೆ 249.4, ಒಮ್ಮೆ 249.6, ಮತ್ತೊಮ್ಮೆ 249.35. ಅಲ್ಲಿ ಟೋನರ್ ಪುಡಿಯನ್ನು ಇನ್ನೂರು ಡಿಗ್ರಿಯ ಆಸುಪಾಸಿನ ಬಿಸಿ ರೋಲರಿನಿಂದ ಒತ್ತಿ ಕರಗಿಸಿ ಅಂಟಿಸುತ್ತಾರೆ. ಆ ಬಿಸಿಯಲ್ಲಿ ಫಿಲ್ಮ್ ತನಗೆ ತೋಚಿದಷ್ಟು ಕುಗ್ಗುತ್ತದೆ. ಇಂಕ್‌ಜೆಟ್ಟಿನಲ್ಲಿ ಅದೇ ಅಳತೆ 249.78, 249.80, 249.77. ಅದೂ ತಪ್ಪೇ, ಆದರೆ ಪ್ರತಿ ಸಲ ಒಂದೇ ತಪ್ಪು. ಚಿತ್ರವನ್ನು ಆ ದಿಕ್ಕಿನಲ್ಲಿ 1.00088 ಪಟ್ಟು ಹಿಗ್ಗಿಸಿ ಕಳಿಸಿದರೆ ಸಾಕು, ಸರಿಯಾಗಿ ಬೀಳುತ್ತದೆ. ಲೇಸರಿಗೆ ಯಾವ ಸಂಖ್ಯೆಯಿಂದ ಗುಣಿಸಲಿ?

ಇಂಕ್‌ಜೆಟ್ಟಿನ ಅಡ್ಡ ದಿಕ್ಕು ಇನ್ನೂ ಚೆನ್ನಾಗಿತ್ತು, 250.06ರ ಸುತ್ತ. ಏಕೆಂದು ಮುಚ್ಚಳ ತೆರೆದು ನೋಡಿದಾಗ ನಗು ಬಂತು. ಶಾಯಿ ಬಿಡುವ ಹೆಡ್ ಓಡಾಡುವ ದಾರಿಯುದ್ದಕ್ಕೂ ಒಂದು ತೆಳ್ಳನೆಯ ಪಾರದರ್ಶಕ ಪಟ್ಟಿ ಬಿಗಿದಿದ್ದಾರೆ. ಅದರ ಮೇಲೆ ಕೂದಲೆಳೆಯಂಥ ಗೆರೆಗಳು. ಹೆಡ್ ಆ ಗೆರೆಗಳನ್ನು ಎಣಿಸುತ್ತ ತಾನು ಎಲ್ಲಿದ್ದೇನೆ ಎಂದು ತಿಳಿದುಕೊಳ್ಳುತ್ತದೆ. ನಾನು ಊರೆಲ್ಲ ಹುಡುಕುತ್ತಿದ್ದ ವಸ್ತು ಪ್ರಿಂಟರಿನ ಹೊಟ್ಟೆಯಲ್ಲೇ ಇತ್ತು! ಅಂದಿನಿಂದ ಮುಖ್ಯ ಅಳತೆಯನ್ನು ಯಾವಾಗಲೂ ಹೆಡ್ ಓಡುವ ದಿಕ್ಕಿಗೇ ಇಡುತ್ತೇನೆ. ಹೆಡ್ ಹೋಗುವಾಗಲೂ ಬರುವಾಗಲೂ ಶಾಯಿ ಬಿಡುವ ವೇಗದ ಆಯ್ಕೆಯನ್ನು ತೆಗೆದುಹಾಕಿದ್ದೇನೆ, ಇಲ್ಲದಿದ್ದರೆ ನಿಂತ ಗೆರೆ ಗರಗಸದ ಹಲ್ಲಿನಂತೆ ಬರುತ್ತದೆ.

ಕೊಂಡದ್ದು ಎ3 ಪ್ಲಸ್ ಅಳತೆಯ ಇಂಕ್ ಟ್ಯಾಂಕ್ ಪ್ರಿಂಟರ್. ಬರೀ ಎ3 ಏಕೆ ಸಾಲದು ಎಂದರೆ, ನಮ್ಮ ಪರದೆಯ ವ್ಯಾಸ 300 ಮಿ.ಮೀ., ಎ3 ಹಾಳೆಯ ಅಗಲ 297. ಮೂರು ಮಿಲಿಮೀಟರಿಗಾಗಿ ದೊಡ್ಡ ಯಂತ್ರ. ಎ3 ಪ್ಲಸ್ 329 ಇರುವುದರಿಂದ ಅಂಚು ಬಿಟ್ಟರೂ ವೃತ್ತ ಪೂರ್ತಿ ಕೂಡುತ್ತದೆ.

ಫಿಲ್ಮಿನ ಕಥೆ ಬೇರೆಯೇ. ಲೇಸರಿನ ಫಿಲ್ಮಿಗೆ ಇಂಕ್‌ಜೆಟ್ ಶಾಯಿ ಹಿಡಿಯುವುದಿಲ್ಲ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಹನಿಗಟ್ಟಿ ನಿಲ್ಲುತ್ತದೆ. ಇಂಕ್‌ಜೆಟ್ ಫಿಲ್ಮನ್ನು ಲೇಸರಿಗೆ ಹಾಕಿದರೆ ಲೇಪನ ಕರಗಿ ಬಿಸಿ ರೋಲರಿಗೆ ಸುತ್ತಿಕೊಳ್ಳುತ್ತದೆ (ನಮ್ಮ ಕಚೇರಿಯ ಪ್ರಿಂಟರ್ ಹೀಗೆಯೇ ತೀರಿಕೊಂಡಿತು, ಹಾಕಿದವರು ಯಾರೆಂದು ನಾನು ಬರೆಯುವುದಿಲ್ಲ). ಲೇಪನ ಯಾವ ಬದಿಗಿದೆ ಎಂದು ತಿಳಿಯಲು ಒದ್ದೆ ಬೆರಳನ್ನು ಮೂಲೆಗೆ ಒತ್ತಿ ನೋಡುತ್ತೇನೆ, ಅಂಟಿದ ಬದಿಯೇ ಸರಿಯಾದ ಬದಿ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸುತ್ತೇನೆ. ಆಗ ಶಾಯಿಯ ಬದಿ ಗಾಜಿಗೆ ಅಂಟಿ ಕೂಡುತ್ತದೆ, ತಲೆ ಅಲುಗಾಡಿಸಿದರೂ ಗೆರೆ ಸರಿದಂತೆ ಕಾಣುವುದಿಲ್ಲ.

ನಮ್ಮಲ್ಲಿ ಹಿಂದೆ ಡ್ರಾಫ್ಟ್ಸ್‌ಮನ್ ಆಗಿದ್ದ ಕಾಕಾ ಒಬ್ಬರಿದ್ದಾರೆ. ನಿವೃತ್ತರಾದರೂ ಆಗಾಗ ಚಹಾ ಹೊತ್ತಿಗೆ ಬರುತ್ತಾರೆ. ಪಾಲಿಯೆಸ್ಟರಿನ ಇಂಥ ಫಿಲ್ಮಿಗೆ ಅವರು ಹೇಳುವುದು ಮೈಲಾರ್ ಎಂದೇ. ಅವರ ಬಾಯಲ್ಲಿ ಆ ಹೆಸರು ಬಂದರೆ ಸ್ಟೋರಿನ ಹುಡುಗ 'ಏಳು ಕೋಟಿ ಏಳು ಕೋಟಿಗೋ' ಎಂದು ಕೂಗುತ್ತಾನೆ. ಅವರು ಶಾಯಿ ಪೆನ್ನಿನಿಂದ ಕೈಯಲ್ಲೇ ಬರೆದ ಹಳೆಯ ಫಿಲ್ಮುಗಳು ಕಪಾಟಿನಲ್ಲಿ ಇನ್ನೂ ಇವೆ. ಒಂದನ್ನು ತೆಗೆದು ಅಳೆದೆ. 0.3 ಮಿ.ಮೀ. ಹೆಚ್ಚು! ಒಳಗೊಳಗೇ ಖುಷಿಪಟ್ಟು ಅವರ ಮುಂದೆ ಹಿಡಿದೆ.

"ಮೂಲೆಯಲ್ಲಿ ಏನು ಬರೆದಿದೆ ಓದು ತಂಗಿ" ಎಂದರು.

ಪೆನ್ಸಿಲ್ಲಿನಲ್ಲಿ, ಮಾಸಲು ಅಕ್ಷರದಲ್ಲಿ, '+0.3 ಇದೆ, ಲೆಕ್ಕ ಹಿಡಿಯಬೇಕು' ಎಂದಿತ್ತು.

ಈಗ ನನ್ನ ಪ್ರತಿ ಫಿಲ್ಮಿನ ಅಂಚಿನಲ್ಲೂ ಎರಡು ಅಡ್ಡಗೆರೆಗಳಿವೆ, ಮೂಲೆಯಲ್ಲಿ ಅಳೆದ ಸಂಖ್ಯೆ ಮತ್ತು ತಾರೀಖು. ಪಾಲಿಯೆಸ್ಟರ್ ಕೂಡ ಬೇಸಿಗೆಯಲ್ಲಿ ಹಿಗ್ಗುತ್ತದೆ, ಹತ್ತು ಡಿಗ್ರಿ ಏರಿದರೆ 250 ಮಿ.ಮೀ.ಗೆ 0.04ರಷ್ಟು. ನನ್ನ ಕೆಲಸಕ್ಕೆ ಅದು ಅಡ್ಡಿಯಲ್ಲ. 50 ಪಟ್ಟು ದೊಡ್ಡದು ಮಾಡಿ ನೋಡುವ ಕೆಲಸ ಬಂದರೆ ಮಾತ್ರ ಈಗಲೂ ಹೊರಗೆ, ಬೆಳಕಿನಿಂದ ಫಿಲ್ಮಿನ ಮೇಲೆ ಗೆರೆ ಬರೆಯುವ ಫೋಟೋಪ್ಲಾಟರಿನಲ್ಲಿ ಮಾಡಿಸುತ್ತೇವೆ, ಅದಕ್ಕೆ ಈ ಯಂತ್ರ ಸಾಲದು.

ಇನ್ನು ಉಳಿದಿರುವುದು ಧೂಳಿನ ಕಾಟ. ಪಕ್ಕದಲ್ಲೇ ಫೌಂಡ್ರಿ. ಭಾನುವಾರ ಒಂದು ದಿನ ಪ್ರಿಂಟರ್ ನಡೆಸದೆ ಬಿಟ್ಟರೆ ಶಾಯಿ ಬರುವ ನಾಜಲ್ ಕಟ್ಟಿಕೊಳ್ಳುತ್ತದೆ, ಸೋಮವಾರ ಮೊದಲ ಫಿಲ್ಮಿನಲ್ಲಿ ಗೆರೆ ಅಲ್ಲಲ್ಲಿ ಮಾಯ. ಸದ್ಯಕ್ಕೆ ಹಳೆಯ ಇಳಕಲ್ ಸೀರೆಯೊಂದನ್ನು ಮಡಚಿ ಹೊದಿಸಿದ್ದೇನೆ. ಮಾಲಕರು ನೋಡಿ, "ಇದಕ್ಕೆ ಉಡಿ ತುಂಬುವುದು ಯಾವಾಗ?" ಎಂದು ಕೇಳಿ ಹೋದರು.