ಲ್ಯಾಬ್ ಲಾಗ್, 6ನೇ ವಾರ: ಕಳ್ಳನ ಜೊತೆಗೇ ಹೆಜ್ಜೆ ಹಾಕಿದ ಕಾವಲುಗಾರ

ಹಿಂದಿನ ಲಾಗ್ ಓದದವರಿಗೆ: ದೊಡ್ಡ ಕಂಪನಿಗಳಲ್ಲಿ ಲಾಗಿನ್ ಕಾಯುವ ವ್ಯವಸ್ಥೆಯನ್ನು ಸಣ್ಣ ಮಟ್ಟದಲ್ಲಿ ಕಟ್ಟಿ ನೋಡುತ್ತಿದ್ದೇನೆ. ನಾಲ್ಕು ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೇ ಓಡುವ ಸಾಫ್ಟ್‌ವೇರ್ ಕಂಪ್ಯೂಟರ್), 40 ನಕಲಿ ಬಳಕೆದಾರರು. ಪ್ರತಿ ಲಾಗಿನ್‌ಗೂ 100ಕ್ಕೆ ಇಷ್ಟು ಅಂತ ಅಪಾಯದ ಅಂಕ. 30ರೊಳಗಿದ್ದರೆ ಸುಮ್ನೆ ಒಳಗೆ ಬಿಡುತ್ತದೆ. 70ರವರೆಗೆ ಒಟಿಪಿ ಕೇಳುತ್ತದೆ. ದಾಟಿದರೆ ಬಾಗಿಲು ಬಂದ್. ಯೋಚನೆ ನನ್ನದಲ್ಲ. ಮಾಮೂಲಿ ನಡವಳಿಕೆಯ ಚಿತ್ರ ಇಟ್ಟುಕೊಂಡು, ಅದರಿಂದ ಆಚೆ ಹೋದದ್ದನ್ನು ಗುರುತಿಸಬಹುದು ಎಂದು ಕಂಪ್ಯೂಟರ್ ಭದ್ರತೆಯ ಸಂಶೋಧಕಿ ಡೊರೊಥಿ ಡೆನ್ನಿಂಗ್ 1987ರಲ್ಲೇ ಬರೆದಿದ್ದರು.

ನನ್ನ ಕಾವಲುಗಾರ ಪ್ರತಿಯೊಬ್ಬರ ಲಾಗಿನ್ ಸಮಯದ ಸರಾಸರಿ ಇಟ್ಟುಕೊಂಡು, ಅದರಿಂದ ಎಷ್ಟು ದೂರ ಅಂತ ನೋಡುತ್ತಾನೆ. ಅದರಲ್ಲಿ ಮೊದಲು ಒಂದು ನಗೆಪಾಟಲಿನ ತಪ್ಪು. ಒಬ್ಬ ಬಳಕೆದಾರ ಒಂದು ದಿನ ರಾತ್ರಿ 11:30ಕ್ಕೆ, ಮರುದಿನ ರಾತ್ರಿ 12:30ಕ್ಕೆ ಲಾಗಿನ್ ಆದ. 23:30, 0:30 ಇವೆರಡರ ಸರಾಸರಿ ನನ್ನ ಕೋಡ್ ಪ್ರಕಾರ ಮಧ್ಯಾಹ್ನ 12! ಗಡಿಯಾರ ದುಂಡಗಿದೆ ಅನ್ನೋದನ್ನೇ ಮರೆತಿದ್ದೆ. ಸಮಯವನ್ನು ಕೋನವಾಗಿ ಬದಲಿಸಿ, ಸೈನ್ ಮತ್ತು ಕೊಸೈನ್ ಮೇಲೆ ಸರಾಸರಿ ತೆಗೆದ ಮೇಲೆ ಸರಿಹೋಯಿತು.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಸರಾಸರಿ ಲೆಕ್ಕದಲ್ಲಿ ಇವತ್ತಿನ ಲಾಗಿನ್‌ಗೆ 0.2 ತೂಕ, ಅದುವರೆಗಿನ ಸರಾಸರಿಗೆ 0.8. ಸರಾಸರಿಯಿಂದ 2 ಗಂಟೆಗಿಂತ ದೂರ ಹೋದರೆ ಮಾತ್ರ ಅಂಕ ಏರಬೇಕು. ನಾನೇ ಕಳ್ಳನಾಗಿ ಒಂದು ಸ್ಕ್ರಿಪ್ಟ್ (ತಾನಾಗಿಯೇ ಓಡುವ ಸಣ್ಣ ಪ್ರೋಗ್ರಾಂ) ಬರೆದೆ. ರಾತ್ರಿ 9ಕ್ಕೆ ಬರುವ ಅಕೌಂಟ್ ಹಿಡಿದು, ದಿನಕ್ಕೆ 20 ನಿಮಿಷ ತಡ ಮಾಡುತ್ತಾ ಹೋದೆ. 18 ದಿನಕ್ಕೆ ಬೆಳಗಿನ ಜಾವ 3 ಗಂಟೆ. ಒಂದು ಸಲವೂ ಒಟಿಪಿ ಕೇಳಲಿಲ್ಲ. ಲೆಕ್ಕ ಹಾಕಿದರೆ ಕಾರಣ ಸುಲಭ: 20 ಭಾಗಿಸು 0.2 ಅಂದರೆ 100 ನಿಮಿಷ. ಸರಾಸರಿ ನನ್ನಿಂದ ಅದಕ್ಕಿಂತ ಹಿಂದೆ ಬೀಳುವುದೇ ಇಲ್ಲ. ಬೇಗ ಕಲಿಯಲಿ ಅಂತ ನಾನೇ ಇಟ್ಟ ಗುಣ ಕಳ್ಳನಿಗೆ ಅನುಕೂಲವಾಯಿತು, ಅಲ್ವಾ?

ಈಗ ಪಕ್ಕದಲ್ಲೇ ಇನ್ನೊಂದು ನಿಧಾನದ ಸರಾಸರಿ ಓಡುತ್ತಿದೆ, ತೂಕ 0.02. ಎರಡರ ನಡುವಿನ ಅಂತರ 2 ಗಂಟೆ ದಾಟಿದರೆ ಎಚ್ಚರಿಕೆ. ಅದೇ ಸ್ಕ್ರಿಪ್ಟ್ ಮತ್ತೆ ಓಡಿಸಿದೆ. 12ನೇ ದಿನ ಸಿಕ್ಕಿಬಿತ್ತು. ನಿಜವಾಗಿಯೂ ಶಿಫ್ಟ್ ಬದಲಾದವರಿಗೆ ಇದರಿಂದ ಕಿರಿಕಿರಿ ಆಗುತ್ತದೆ, ಗೊತ್ತು. ಅವರು ಪಾಸ್‌ಕೀ (ಫೋನ್ ಅಥವಾ ಕಂಪ್ಯೂಟರಿನಲ್ಲಿರುವ, ನಕಲಿ ಪುಟದಲ್ಲಿ ಕೆಲಸ ಮಾಡದ ಡಿಜಿಟಲ್ ಕೀಲಿ) ಬಳಸಿ ಬಂದರೆ ನಿಧಾನದ ಸರಾಸರಿಯನ್ನು ಹೊಸ ಸಮಯಕ್ಕೆ ಎಳೆಯುತ್ತೇನೆ. ಒಟಿಪಿ ಕೊಟ್ಟರೆ ಎಳೆಯುವುದಿಲ್ಲ. ನಕಲಿ ಲಾಗಿನ್ ಪುಟ ಮಾಡಿ ಒಟಿಪಿ ಕಸಿಯುವುದು ತೀರಾ ಸುಲಭ.

ಇಷ್ಟೆಲ್ಲ ಆಗುವಾಗ ಬ್ಯಾಕಪ್ ಮೂರು ರಾತ್ರಿ ನಿಂತೇ ಹೋಗಿತ್ತು. ಅದರ ಸಮಯವನ್ನು 2ರಿಂದ 5 ಗಂಟೆಗೆ ಬದಲಿಸಿದ್ದೆ. ಕಾವಲುಗಾರ ಪ್ರತಿ ರಾತ್ರಿ ಅದಕ್ಕೂ ಒಟಿಪಿ ಕೇಳಿದ್ದಾನೆ. ಸ್ಕ್ರಿಪ್ಟ್ ಎಲ್ಲಿಂದ ಟೈಪ್ ಮಾಡಬೇಕು ಪಾಪ! ಯಂತ್ರದ ಅಕೌಂಟ್‌ಗಳನ್ನು ಈ ಕಲಿಕೆಯಿಂದಲೇ ಹೊರಗಿಟ್ಟೆ. ಬ್ಯಾಕಪ್ ಅಕೌಂಟ್ ಒಂದೇ ಮಷಿನ್‌ನಿಂದ ಬರಬೇಕು, ಒಂದೇ ಸ್ಟೋರೇಜ್‌ಗೆ ಹೋಗಬೇಕು, ಅಷ್ಟೇ. ನಿನ್ನೆ ರಾತ್ರಿಯ ಬ್ಯಾಕಪ್ ಬಂದಿದೆ. ರಿಸ್ಟೋರ್ ಮಾಡಿ ನೋಡುವುದು ಬಾಕಿ.