ಹಂಪಿ, ಬಾದಾಮಿ ಪ್ರವಾಸಕ್ಕೆ ಎಂಥ ಟ್ರೈಪಾಡ್ ಒಯ್ಯಬೇಕು?

ಹಂಪಿ, ಬಾದಾಮಿ ಕಡೆ ಕ್ಯಾಮೆರಾ ಹಿಡಿದು ಹೊರಡುವವರು ಲೆನ್ಸ್ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಟ್ರೈಪಾಡ್ ಮಾತ್ರ ಮನೆಯಲ್ಲಿ ಯಾವುದಿದೆಯೋ ಅದೇ. ಆದರೆ ಈ ಊರುಗಳಲ್ಲಿ ಬೆಳಕು ಚೆನ್ನಾಗಿರುವುದು ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ, ಮುಳುಗಿದ ಸ್ವಲ್ಪ ಹೊತ್ತಿನ ತನಕ. ಆಗ ಬರೀ ಕೈಯಲ್ಲಿ ತೆಗೆದರೆ ಫೋಟೋ ಅಲುಗುತ್ತದೆ. ಹಾಗಂತ ಮದುವೆ ಮನೆಯಲ್ಲಿ ನಿಲ್ಲಿಸುವಂಥ ಭಾರದ ಟ್ರೈಪಾಡ್ ಹೊತ್ತು ಈ ಬೆಟ್ಟಗಳನ್ನು ಹತ್ತುವುದು ಆಗದ ಮಾತು.

ಅಂಗಡಿಗೆ ಹೋಗುವ ಮುಂಚೆ ಒಂದು ನಿಯಮ ತಿಳಿದಿರಲಿ. ವಿಜಯ ವಿಠ್ಠಲ ದೇವಸ್ಥಾನ, ಕಮಲ ಮಹಲ್, ಬಾದಾಮಿ ಗುಹೆಗಳು, ಪಟ್ಟದಕಲ್ಲು, ಐಹೊಳೆ ಎಲ್ಲವೂ ಕೇಂದ್ರದ ಪುರಾತತ್ವ ಇಲಾಖೆಯ ಕೈಯಲ್ಲಿವೆ. ಒಳಗೆ ಟ್ರೈಪಾಡ್ ನಿಲ್ಲಿಸಲು ಮೊದಲೇ ಅನುಮತಿ ಬೇಕು. ಗೇಟಿನಲ್ಲಿ ಕಾವಲಿನವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ, ಅವರು ಅವರ ಕೆಲಸ ಮಾಡುತ್ತಿರುತ್ತಾರೆ. ಹಾಗಾಗಿ ಈ ಪ್ರವಾಸದಲ್ಲಿ ಟ್ರೈಪಾಡ್ ಕೆಲಸಕ್ಕೆ ಬರುವುದು ಬೆಟ್ಟದ ತುದಿ, ಹೊಳೆ ದಂಡೆಯಂಥ ಬಯಲಿನಲ್ಲಿ. ಗುಡಿ, ಗುಹೆಗಳ ಒಳಗೆ ಬೇರೆ ಉಪಾಯ ಬೇಕು.

ಮಾತಂಗ ಬೆಟ್ಟವನ್ನೇ ತೆಗೆದುಕೊಳ್ಳಿ. ಹಂಪಿಯ ಸೂರ್ಯೋದಯ ನೋಡಲು ಅದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಕಾಲ ಕೆಳಗೇ ಅಚ್ಯುತರಾಯ ದೇವಸ್ಥಾನ, ಆಚೆ ತುಂಗಭದ್ರೆ, ಸುತ್ತ ಬಂಡೆಗಳ ರಾಶಿ. ಹತ್ತುವ ದಾರಿಯಲ್ಲಿ ಕೆಲವು ಕಡೆ ಕೈ ಊರಿಯೇ ಮೇಲೆ ಹೋಗಬೇಕು. ಕತ್ತಲಲ್ಲಿ ಒಬ್ಬೊಬ್ಬರೇ ಹೋಗಬೇಡಿ, ಜೊತೆ ಇರಲಿ, ತಲೆಗೆ ಕಟ್ಟುವ ಟಾರ್ಚ್ ಇರಲಿ. ಕೈ ಎರಡೂ ಖಾಲಿ ಇರಬೇಕು ಅಂದರೆ ಟ್ರೈಪಾಡ್ ಬ್ಯಾಗಿನ ಪಕ್ಕದ ಜೇಬಿನಲ್ಲಿ ಕೂರಬೇಕು. ಮಡಚಿದಾಗ 40 ಸೆಂಟಿಮೀಟರ್ ಒಳಗಿದ್ದರೆ ಸರಿ. ಅದಕ್ಕಿಂತ ಉದ್ದ ಇದ್ದರೆ ಬಗ್ಗಿದಾಗೆಲ್ಲ ಬಂಡೆಗೆ ತಾಗುತ್ತದೆ.

ಮೇಲೆ ಗಾಳಿ ಜೋರು. ಇಲ್ಲಿ ಎತ್ತರದ ಆಸೆ ಬಿಡಿ. ಹೇಗೂ ಬಂಡೆಯ ಮೇಲೆ ಕೂತೇ ತೆಗೆಯುತ್ತೀರಿ, ಅಲ್ವಾ? ಒಂದು ಮೀಟರ್ ಎತ್ತರ ಸಾಕು. ಕಾಲುಗಳನ್ನು ಅಗಲ ಮಾಡಿ, ನಡುವಿನ ಕಂಬ ಎತ್ತಬೇಡಿ. ಆ ಕಂಬ ಎತ್ತಿದರೆ ಮೂರು ಕಾಲಿನ ಟ್ರೈಪಾಡ್ ಒಂಟಿ ಕಾಲಿನದಾಗುತ್ತದೆ. ಕೆಳಗೆ ಕೊಕ್ಕೆ ಇದ್ದರೆ ಬ್ಯಾಗ್ ನೇತು ಹಾಕಿ, ಆದರೆ ಬ್ಯಾಗಿನ ತಳ ಬಂಡೆಗೆ ತಾಗುತ್ತಿರಲಿ. ಪೂರ್ತಿ ನೇತಾಡಿದರೆ ಗಾಳಿಗೆ ತೂಗಿ ಇನ್ನೂ ಜಾಸ್ತಿ ಅಲುಗಾಡಿಸುತ್ತದೆ. ಬಟನ್ ಒತ್ತುವಾಗಲೂ ಕ್ಯಾಮೆರಾ ನಡುಗುತ್ತದೆ, ಎರಡು ಸೆಕೆಂಡಿನ ಟೈಮರ್ ಹಾಕಿಬಿಡಿ.

ಕೊಳ್ಳುವಾಗ ಕಾಲಿನ ಕೊನೆಯ ತುಂಡನ್ನು ನೋಡಿ. ಐದು ತುಂಡಿನ ಕಾಲು ಚಿಕ್ಕದಾಗಿ ಮಡಚಿಕೊಳ್ಳುತ್ತದೆ, ಆದರೆ ಕೊನೆಯದು ಪೆನ್ಸಿಲ್‌ನಷ್ಟು ಸಣ್ಣಗಿದ್ದರೆ ಆ ಟ್ರೈಪಾಡ್ ಬೇಡ. ಅಂಗಡಿಯಲ್ಲೇ ಪೂರ್ತಿ ಬಿಚ್ಚಿ, ನಿಮ್ಮ ಕ್ಯಾಮೆರಾ ಕೂರಿಸಿ, ಒಂದು ಕಾಲನ್ನು ಬೆರಳಿಂದ ತಟ್ಟಿ. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ, ಜೂಮ್ ಮಾಡಿ ನೋಡಿದರೆ ನಡುಕ ಎಷ್ಟು ಹೊತ್ತಿಗೆ ನಿಂತಿತು ಅಂತ ಗೊತ್ತಾಗುತ್ತದೆ. ಇಷ್ಟು ಕಿಲೋ ಹೊರುತ್ತದೆ ಅಂತ ಡಬ್ಬದ ಮೇಲೆ ಬರೆದ ಲೆಕ್ಕಕ್ಕಿಂತ ನನಗೆ ಈ ಪರೀಕ್ಷೆಯ ಮೇಲೆ ನಂಬಿಕೆ.

ಕಾರ್ಬನ್ ಫೈಬರ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಪೀಕ್ ಡಿಸೈನ್ ಟ್ರಾವೆಲ್ ಟ್ರೈಪಾಡ್ ಎರಡೂ ಬಗೆಯಲ್ಲಿ ಸಿಗುತ್ತದೆ: ಅಲ್ಯೂಮಿನಿಯಂನದು 1.56 ಕೆ.ಜಿ., ಕಾರ್ಬನ್‌ನದು 1.27 ಕೆ.ಜಿ. ಉಳಿಯುವುದು 300 ಗ್ರಾಂಗಿಂತ ಕಡಿಮೆ, ಬೆಲೆಯ ವ್ಯತ್ಯಾಸ ಮಾತ್ರ ತುಂಬಾ ದೊಡ್ಡದು. ವರ್ಷವಿಡೀ ಚಾರಣ ಮಾಡುವವರಿಗೆ ಅದು ಸರಿ. ಈ ಒಂದು ಪ್ರವಾಸಕ್ಕೆ ಅಂತಾದರೆ ಅಲ್ಯೂಮಿನಿಯಂ ಸಾಕು.

ಇನ್ನು ಒಳಗಿನ ಫೋಟೋಗಳು. ಕ್ಯಾಮೆರಾದ ತಳದಲ್ಲಿ ಸ್ಕ್ರೂ ತೂತು ಇರುತ್ತದಲ್ಲ, ಅದು ಕಾಲು ಇಂಚಿನದು. ಅದಕ್ಕೆ ಕೂರುವ ಗಿಡ್ಡ ಬೋಲ್ಟಿಗೆ ಗಟ್ಟಿ ದಾರ ಕಟ್ಟಿ, ಎರಡೂ ಪಾದದ ಕೆಳಗೆ ಹಾಯುವಷ್ಟು ದೊಡ್ಡ ಕುಣಿಕೆ ಮಾಡಿ. ಅದನ್ನು ತುಳಿದು ನಿಂತು, ದಾರ ಬಿಗಿಯಾಗುವ ಹಾಗೆ ಕ್ಯಾಮೆರಾವನ್ನು ಮೇಲಕ್ಕೆ ಎಳೆದು ಹಿಡಿಯಿರಿ. ಬಾದಾಮಿಯ ಮೂರನೇ ಗುಹೆಯ, ಅಂದರೆ 578ರ ಶಾಸನ ಇರುವ ಗುಹೆಯ, ಮಬ್ಬು ಬೆಳಕಲ್ಲಿ ಇದು ಎಷ್ಟು ಉಪಯೋಗ ಅಂತ ನೀವೇ ನೋಡುತ್ತೀರಿ. ಶಟರ್ ವೇಗ 1/50 ಸೆಕೆಂಡಿಗಿಂತ ಕೆಳಗಿಳಿಸಲು ಹೆದರುವ ಕಡೆ 1/15 ಆರಾಮಾಗಿ ಸಿಗುತ್ತದೆ. ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುವ ಕತ್ತಲೆ ಜಾಗದಲ್ಲೂ ಇದೇ ಉಪಾಯ. ಅಲ್ಲಿ ಜನ ಬರುತ್ತಲೇ ಇರುತ್ತಾರೆ, ಮೂರು ಕಾಲು ಹರಡಿ ದಾರಿ ಕಟ್ಟುವುದು ಸರಿಯಲ್ಲ. ಕೆತ್ತನೆಗೆ ಒರಗುವುದು, ಅದರ ಮೇಲೆ ಕ್ಯಾಮೆರಾ ಇಡುವುದು ಯಾವ ಕಾರಣಕ್ಕೂ ಬೇಡ.

ದರೋಜಿ ಕರಡಿಧಾಮಕ್ಕೂ ಹೋಗುವುದಾದರೆ ಬೀನ್ ಬ್ಯಾಗ್ ಮಾಡಿಕೊಳ್ಳಿ. ಸಂಜೆ ಕರಡಿಗಳು ಬರುವ ಹೊತ್ತಿಗೆ ಬೆಳಕು ಇಳಿದಿರುತ್ತದೆ, ಉದ್ದ ಲೆನ್ಸ್ ಬೇರೆ. ವೀಕ್ಷಣಾ ಗೋಪುರದಲ್ಲಿ ಕೂತವರೆಲ್ಲರ ನಡುವೆ ಟ್ರೈಪಾಡ್ ತೊಡಕು. ಹಳೆ ಜೀನ್ಸ್ ಬಟ್ಟೆಯಲ್ಲಿ ಜಿಪ್ ಇಟ್ಟು ಚೀಲ ಹೊಲಿಸಿ, ಖಾಲಿಯಾಗಿಯೇ ಒಯ್ಯಿರಿ. ಹೊಸಪೇಟೆಯ ದಿನಸಿ ಅಂಗಡಿಯಲ್ಲಿ ಒಂದೂವರೆ ಕೆ.ಜಿ. ಹೆಸರುಕಾಳು ತುಂಬಿಸಿಕೊಂಡರೆ ಆಯಿತು. ಕಟ್ಟೆಯ ಮೇಲಿಟ್ಟು ಲೆನ್ಸ್ ಒತ್ತಿದರೆ ಕಾಳು ಸರಿದು ತಾನೇ ಜಾಗ ಮಾಡಿಕೊಡುತ್ತದೆ. ಮನೆಗೆ ಬಂದ ಮೇಲೆ ಕಾಳು ಅಡುಗೆಗೆ.

ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಅಂಗೈಯಷ್ಟು ಉದ್ದದ ಮಿನಿ ಟ್ರೈಪಾಡ್ ಇದ್ದರೂ ನಡೆಯುತ್ತದೆ. ಭೂತನಾಥ ದೇವಸ್ಥಾನಕ್ಕೆ ಸಂಜೆ ಬಿಸಿಲು ನೇರ ಬೀಳುತ್ತದೆ. ನೀರಿನ ಮಟ್ಟದಲ್ಲೇ ಕ್ಯಾಮೆರಾ ಇಟ್ಟರೆ ಪ್ರತಿಬಿಂಬ ಪೂರ್ತಿ ಬರುತ್ತದೆ. ಕೋತಿಗಳ ಕಾಟ ಇದೆ, ಟ್ರೈಪಾಡ್‌ಗೆ ತೂಗು ಹಾಕಿದ ಬ್ಯಾಗಿನಲ್ಲಿ ತಿಂಡಿ ಇಡಬೇಡಿ. ಗೊರಿಲ್ಲಾಪಾಡ್ ಥರದ ಬಾಗುವ ಕಾಲಿನವು ಫೋನಿಗೆ, ಚಿಕ್ಕ ಮಿರರ್‌ಲೆಸ್ ಕ್ಯಾಮೆರಾಕ್ಕೆ ಚೆನ್ನ. ಭಾರದ ಲೆನ್ಸ್ ಇದ್ದರೆ ನಿಧಾನಕ್ಕೆ ಕುಸಿಯುತ್ತವೆ.

ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟರೆ ಬೆಳಿಗ್ಗೆ ಹೊಸಪೇಟೆ. ಅಲ್ಲಿಂದ ಹಂಪಿಗೆ ಸುಮಾರು 13 ಕಿ.ಮೀ. ರೈಲಿನಲ್ಲಿ ಟ್ರೈಪಾಡ್‌ಗೆ ಯಾವ ತಕರಾರೂ ಇಲ್ಲ. ವಿಮಾನದಲ್ಲಾದರೆ ಚೆಕ್-ಇನ್ ಬ್ಯಾಗಿಗೆ ಹಾಕಿ. ಹೊರಡುವ ಹಿಂದಿನ ರಾತ್ರಿ ಕ್ವಿಕ್ ರಿಲೀಸ್ ಪ್ಲೇಟನ್ನು, ಅಂದರೆ ಕ್ಯಾಮೆರಾವನ್ನು ಟ್ರೈಪಾಡ್‌ಗೆ ಕೂರಿಸುವ ಚಿಕ್ಕ ತಟ್ಟೆಯನ್ನು, ಕ್ಯಾಮೆರಾಕ್ಕೇ ಬಿಗಿದುಬಿಡಿ, ಅದನ್ನು ಬಿಗಿಯುವ ಅಲೆನ್ ಕೀ ಟ್ರೈಪಾಡ್ ಇರುವ ಜೇಬಿನಲ್ಲೇ ಇರಲಿ.